ಟೇಲರ್ ಸಾಹೇಬರು ಕೇಳಿದ ಎರಡು ತಪ್ಪೊಪ್ಪಿಗೆಗಳು

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಬೆಟ್ಟದ ಮೇಲೆ ಒಂದು ಹಳೆಯ ಬಂಗಲೆ ಇದೆ. ಊರವರು ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ. ನಮ್ಮ ಕರಾವಳಿಯಿಂದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇವೆಗೆಂದು ಹೋದ ಗುರುಗಳಲ್ಲಿ, ಧರ್ಮಭಗಿನಿಯರಲ್ಲಿ ಕೆಲವರು ಅದನ್ನು ನೋಡಿರಬಹುದು. ಅದನ್ನು ಕಟ್ಟಿಸಿದ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಕಥೋಲಿಕರಲ್ಲ, ಮಿಷನರಿಯಂತೂ ಅಲ್ಲವೇ ಅಲ್ಲ. ನಿಜಾಮರ ಸೇವೆಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ. ಹಾಗಿದ್ದರೂ ಅವರ ಜೀವನವನ್ನು ಇಲ್ಲಿ ಬರೆಯಲು ಕಾರಣವಿದೆ. ಮನುಷ್ಯನಿಗೆ ಪಾಪ ಯಾಕೆ ಬೇಕಾಗುತ್ತದೆ, ವಿಶ್ವಾಸಕ್ಕೂ ಕುರುಡು ನಂಬಿಕೆಗೂ ಏನು ವ್ಯತ್ಯಾಸ ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಈ ಎರಡೂ ಪ್ರಶ್ನೆಗಳನ್ನು ಇಷ್ಟು ಹತ್ತಿರದಿಂದ ಕಂಡ ಇನ್ನೊಬ್ಬ ವ್ಯಕ್ತಿ ಆ ಸೀಮೆಯ ಇತಿಹಾಸದಲ್ಲಿ ನನಗೆ ಸಿಕ್ಕಿಲ್ಲ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ. ತಂದೆ ವ್ಯಾಪಾರಿ. ಮನೆಯ ಸ್ಥಿತಿ ಕೆಟ್ಟು, ಹುಡುಗ ಹದಿನೈದು ವರ್ಷದವನಿದ್ದಾಗಲೇ ಮುಂಬಯಿಯ ಒಂದು ವ್ಯಾಪಾರಿ ಸಂಸ್ಥೆಗೆ ಗುಮಾಸ್ತನಾಗಿ ಹಡಗು ಹತ್ತಬೇಕಾಯಿತು. ಇಪ್ಪತ್ತೊಂದು ತುಂಬಿದ ಕೂಡಲೇ ಪಾಲುದಾರಿಕೆ ಕೊಡುವುದಾಗಿ ಮಾತಾಗಿತ್ತು. 1824ರಲ್ಲಿ ಮುಂಬಯಿಯಲ್ಲಿ ಇಳಿದು ನೋಡಿದರೆ ಆ ಸಂಸ್ಥೆಯೇ ಸಾಲದಲ್ಲಿ ಮುಳುಗುತ್ತಿತ್ತು. ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಬಂಧು ಕೈಹಿಡಿದರು. ಅದೇ ವರ್ಷ ಹುಡುಗ ಹೈದರಾಬಾದ್ ನಿಜಾಮರ ಸೈನ್ಯಕ್ಕೆ ಸೇರಿದ. ಇಂದು ಹತ್ತನೇ ತರಗತಿ ಮುಗಿಸುವ ವಯಸ್ಸು ಅದು. ಮನೆಯಿಂದ ಪತ್ರ ಬರಲು ತಿಂಗಳುಗಟ್ಟಲೆ ಬೇಕಾಗಿದ್ದ ಕಾಲ.

ಇತರ ಬಿಳಿಯ ಅಧಿಕಾರಿಗಳು ಬೇಟೆ, ಇಸ್ಪೀಟು, ಕುಡಿತಗಳಲ್ಲಿ ಕಾಲ ಕಳೆಯುತ್ತಿದ್ದಾಗ ಈ ಹುಡುಗ ದೇಶಭಾಷೆಗಳನ್ನು ಕಲಿತ. ಹಿಂದೂಸ್ಥಾನಿ, ಪಾರ್ಸಿ, ಮರಾಠಿ ಅವರ ನಾಲಿಗೆಯ ಮೇಲೆ ಬಂದವು. ಭೂಮಾಪನ, ಕಾನೂನು, ಸಸ್ಯಶಾಸ್ತ್ರ, ಕಟ್ಟಡ ಕೆಲಸ ಎಲ್ಲವನ್ನೂ ತಾವೇ ಓದಿ ಕಲಿತರು. ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಪೊಲೀಸ್ ಅಧಿಕಾರಿಯಾಗಿ ಮರಾಠವಾಡದ ಹಳ್ಳಿಗಳಲ್ಲಿ ಕುದುರೆಯ ಮೇಲೆ ಸುತ್ತಿದರು.

ಆ ದಿನಗಳ ಒಂದು ಸಣ್ಣ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ಯಾತ್ರಿಕರಿಗೆ ಹಿಟ್ಟು ಮಾರುವ ವ್ಯಾಪಾರಿಗಳು ಮರಳು ಬೆರೆಸುತ್ತಿದ್ದರು. ದೂರು ಬಂತು. ದಂಡ ಹಾಕಿದರೆ ಅವರು ಅದನ್ನು ಮರುದಿನವೇ ಗಿರಾಕಿಗಳಿಂದ ವಸೂಲು ಮಾಡುತ್ತಾರೆ ಎಂದು ಟೇಲರ್‌ಗೆ ಗೊತ್ತಿತ್ತು. ಅವರು ಆ ವ್ಯಾಪಾರಿಗಳ ಅಂಗಡಿಯ ಹಿಟ್ಟಿನಿಂದಲೇ ರೊಟ್ಟಿ ಮಾಡಿಸಿ, ಜನರ ಎದುರಿಗೆ ಅವರಿಗೇ ತಿನ್ನಿಸಿದರು. ಹಲ್ಲಿಗೆ ಮರಳು ಸಿಕ್ಕಿದಾಗ ಬಾಯಿಂದ ಮಾತೇ ಹೊರಡಲಿಲ್ಲ. ನನಗೆ ಈ ಕಥೆ ಇಷ್ಟವಾಗುವುದು ಶಿಕ್ಷೆಯ ತಮಾಷೆಗಾಗಿ ಅಲ್ಲ. ಆ ವ್ಯಾಪಾರಿಗಳು ದುಷ್ಟರೇನೂ ಆಗಿರಲಿಲ್ಲ. ಮನೆಯಲ್ಲಿ ಮಕ್ಕಳಿದ್ದವರು, ಪೂಜೆ ಮಾಡುವವರು. ತಮ್ಮ ಪಾಪದ ರುಚಿ ಏನೆಂದು ಅವರಿಗೆ ಅದುವರೆಗೆ ತಿಳಿದಿರಲಿಲ್ಲ, ಅಷ್ಟೆ. ನಾವು ಬೆರೆಸಿದ ಮರಳನ್ನು ತಿನ್ನುವವರು ಯಾವಾಗಲೂ ಬೇರೆಯವರು.

ಅದೇ ಊರುಗಳಲ್ಲಿ ಇನ್ನೂ ಭಯಂಕರವಾದದ್ದೊಂದು ನಡೆಯುತ್ತಿತ್ತು. ದಾರಿಹೋಕರು ಕಾಣೆಯಾಗುತ್ತಿದ್ದರು. ರಸ್ತೆ ಬದಿಯಲ್ಲಿ ಹೂತ ಹೆಣಗಳು ಸಿಕ್ಕಿದರೂ ಕೊಂದವರ ಸುಳಿವು ಸಿಗುತ್ತಿರಲಿಲ್ಲ. ಟೇಲರ್ ವಿಚಾರಣೆ ಆರಂಭಿಸಿದರು. ಆದರೆ ಸುಮಾರು 1829ರಲ್ಲಿ ಅವರಿಗೆ ಸೈನ್ಯದ ಕೆಲಸಕ್ಕೆ ಮರಳುವ ಆಜ್ಞೆ ಬಂತು. ಇನ್ನು ಸ್ವಲ್ಪ ಕಾಲ ಅಲ್ಲಿದ್ದಿದ್ದರೆ ಠಗ್ಗರ ಗುಟ್ಟನ್ನು ತಾವೇ ಮೊದಲು ಬಯಲು ಮಾಡುತ್ತಿದ್ದೆವೆಂಬ ಕೊರಗು ಅವರಿಗೆ ಕೊನೆಯವರೆಗೂ ಉಳಿಯಿತು. ಆ ಕೀರ್ತಿ ಮಧ್ಯಭಾರತದಲ್ಲಿದ್ದ ವಿಲಿಯಂ ಸ್ಲೀಮನ್ ಅವರಿಗೆ ಹೋಯಿತು.

ನಮ್ಮ ಕನ್ನಡದ ಠಕ್ಕ ಎಂಬ ಮಾತಿನ ಬಂಧುವೇ ಈ ಠಗ್. ಇವರು ಕತ್ತಿ ಹಿಡಿದು ಮೇಲೆ ಬೀಳುವ ದರೋಡೆಕೋರರಲ್ಲ. ಸಭ್ಯರಂತೆ ಪ್ರಯಾಣಿಕರ ಜೊತೆಗೂಡುವರು. ಜೊತೆಯಲ್ಲಿ ಉಣ್ಣುವರು, ಹಾಡುವರು, ಕಷ್ಟಸುಖ ಕೇಳುವರು. ನಂಬಿಕೆ ಹುಟ್ಟಿದ ಮೇಲೆ ಒಂದು ಸಂಜೆ ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಲ್ಲುವರು. ಹೆಣಕ್ಕೆ ಗುಂಡಿ ಮೊದಲೇ ತಯಾರಾಗಿರುತ್ತಿತ್ತು.

ಸಿಕ್ಕಿಬಿದ್ದ ಠಗ್ಗರಲ್ಲಿ ಕೆಲವರು ಜೀವ ಉಳಿಸಿಕೊಳ್ಳಲು ಮಾಫಿ ಸಾಕ್ಷಿಗಳಾದರು. ಟೇಲರ್ ದಿನಗಟ್ಟಲೆ ಕುಳಿತು ಅವರ ಹೇಳಿಕೆಗಳನ್ನು ಕೇಳಿದರು. ಎಲ್ಲಿ, ಯಾರನ್ನು, ಯಾವ ಮರದ ಕೆಳಗೆ ಎಂದು ಅವರು ಮರೆಯದೆ ಹೇಳುತ್ತಿದ್ದರು. ತೋರಿಸಿದ ಕಡೆ ಅಗೆದರೆ ಮೂಳೆಗಳು ಸಿಗುತ್ತಿದ್ದವು. 1837ರ ಸುಮಾರಿಗೆ ಜ್ವರದಿಂದ ಮಲಗಿದ್ದಾಗ ಟೇಲರ್ ಇದನ್ನೆಲ್ಲ ಕಾದಂಬರಿಯಾಗಿ ಬರೆಯತೊಡಗಿದರು. ಠಗ್ಗನೊಬ್ಬನ ತಪ್ಪೊಪ್ಪಿಗೆಗಳು ಎಂಬ ಅರ್ಥದ ಹೆಸರಿನ ಆ ಪುಸ್ತಕ 1839ರಲ್ಲಿ ಲಂಡನ್ನಿನಲ್ಲಿ ಹೊರಬಂದಾಗ ವಿಕ್ಟೋರಿಯಾ ರಾಣಿಯೂ ಓದಿದಳು. ಠಗ್ ಎಂಬ ಮಾತು ಇಂಗ್ಲಿಷ್ ಓದುಗರ ಬಾಯಿಗೆ ಬರಲು ಆ ಪುಸ್ತಕವೂ ಒಂದು ಕಾರಣ.

ಅದರ ನಾಯಕ ಅಮೀರ್ ಅಲಿ. ಮಗುವಾಗಿದ್ದಾಗ ಠಗ್ಗರು ಅವನ ತಂದೆತಾಯಿಯನ್ನು ಕೊಂದು, ಅವನನ್ನು ಮಾತ್ರ ಉಳಿಸಿ ಸಾಕುತ್ತಾರೆ. ಸಾಕಿದವನು ಪ್ರೀತಿಯಿಂದಲೇ ಸಾಕುತ್ತಾನೆ. ಹುಡುಗ ಬೆಳೆದು ಆ ತಂದೆಯ ಕಸುಬನ್ನೇ ಹಿಡಿಯುತ್ತಾನೆ. 719 ಕೊಲೆಗಳಲ್ಲಿ ತಾನಿದ್ದೆನೆಂದು ಲೆಕ್ಕ ಕೊಡುತ್ತಾನೆ. ಹನ್ನೆರಡು ವರ್ಷ ಜೈಲಿನಲ್ಲಿ ಹಾಳಾಗದಿದ್ದರೆ ಸಾವಿರ ಮುಟ್ಟುತ್ತಿತ್ತೆಂದು ಕೊರಗುತ್ತಾನೆ. ತನ್ನ ಸ್ವಂತ ತಂಗಿಯನ್ನೂ ತಿಳಿಯದೆ ಕೊಂದವನು ಅವನು. ಆ ಒಂದು ಕೊಲೆಗೆ ಅವನು ಅಳುತ್ತಾನೆ. ಉಳಿದವರೂ ಯಾರದೋ ತಂಗಿಯರು, ಯಾರದೋ ಅಣ್ಣಂದಿರು ಎಂಬುದು ಅವನ ತಲೆಗೆ ಹೋಗುವುದೇ ಇಲ್ಲ.

ಪ್ರಿಯ ಓದುಗರೇ, ಠಗ್ಗರ ಒಂದು ಆಚರಣೆಯ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕೊಲೆ ಮುಗಿದ ಮೇಲೆ ಅವರು ಒಂದೂಕಾಲು ರೂಪಾಯಿಯ ಬೆಲ್ಲ ತಂದು, ದೇವಿಗೆ ಅರ್ಪಿಸಿ, ಕಂಬಳಿಯ ಮೇಲೆ ಸಾಲಾಗಿ ಕುಳಿತು ಪ್ರಸಾದವಾಗಿ ತಿನ್ನುತ್ತಿದ್ದರೆಂದು ಸ್ಲೀಮನ್ ದಾಖಲಿಸಿದ್ದಾರೆ. ಆ ಬೆಲ್ಲ ನಾಲಿಗೆಗೆ ತಗುಲಿದವನು ಮತ್ತೆ ಬೇರೆ ಕಸುಬಿಗೆ ಹೋಗಲಾರನೆಂಬುದು ಅವರ ನಂಬಿಕೆ. ಫಿರಂಗಿಯಾ ಎಂಬ ಹೆಸರುವಾಸಿ ಠಗ್ಗ ಅನುಕೂಲಸ್ಥ ಸಂಬಂಧಿಕರಿದ್ದವನು, ಒಳ್ಳೆಯ ಕೆಲಸದಲ್ಲೂ ಇದ್ದವನು. ಆದರೂ ಗುಂಪನ್ನು ಬಿಟ್ಟಿದ್ದ ದಿನಗಳಲ್ಲೆಲ್ಲ ಮನಸ್ಸಿಗೆ ಸುಖವಿರಲಿಲ್ಲ ಎಂದು ಅವನು ಸ್ಲೀಮನ್ನರ ಮುಂದೆ ಒಪ್ಪಿಕೊಂಡ.

ಪಾಪವನ್ನು ನಾವು ಸಾಮಾನ್ಯವಾಗಿ ಕಹಿಯಾದ, ಕೊಳಕಾದ ವಸ್ತುವಾಗಿ ಚಿತ್ರಿಸುತ್ತೇವೆ. ಮಕ್ಕಳ ಪುಸ್ತಕದಲ್ಲಿ ಹೃದಯದ ಮೇಲೆ ಕಪ್ಪು ಚುಕ್ಕೆ ಬಿಡಿಸುತ್ತೇವೆ. ಅಂಥದ್ದನ್ನು ಯಾರು ಬಯಸುತ್ತಾರೆ? ಸಂತ ತೋಮಸ್ ಅಕ್ವಿನಾಸರು ಹೇಳಿದ್ದು ಬೇರೆ: ಕೆಟ್ಟದ್ದನ್ನು ಕೆಟ್ಟದ್ದೆಂದೇ ತಿಳಿದು ಮನಸ್ಸು ಎಂದೂ ಅಪ್ಪಿಕೊಳ್ಳುವುದಿಲ್ಲ, ಅದರಲ್ಲಿ ಏನೋ ಒಂದು ಒಳಿತು ಕಂಡ ಮೇಲೆಯೇ ಕೈಚಾಚುತ್ತದೆ. ಠಗ್ಗನಿಗೆ ಕಂಡ ಒಳಿತು ಯಾವುದು? ಹಣವೂ ಹೌದು. ಆದರೆ ಹಣಕ್ಕಿಂತ ಹೆಚ್ಚಾಗಿ ತಂದೆಯ ಮೆಚ್ಚುಗೆ, ಜೊತೆಗಾರರ ಸ್ನೇಹ, ಒಂದು ಕಂಬಳಿಯ ಮೇಲೆ ತನಗೂ ಒಂದು ಜಾಗ. ಇವೆಲ್ಲ ದೇವರು ಕೊಟ್ಟ ಒಳ್ಳೆಯ ವಸ್ತುಗಳೇ. ಅಮೀರ್ ಅಲಿ ಬಯಸಿದ್ದು ಅವನ್ನು. ಕೊಲೆ ಅವುಗಳ ಬೆಲೆಯಾಗಿತ್ತು.

ಸಂತ ಅಗಸ್ತೀನರ ಆತ್ಮಕಥೆಯ ಹೆಸರೂ ತಪ್ಪೊಪ್ಪಿಗೆಗಳು ಎಂದೇ. ಅದರಲ್ಲಿ ಅವರು ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಂದಿಗೆ ಪಕ್ಕದ ತೋಟದ ಪೇರ್ ಹಣ್ಣು ಕದ್ದದ್ದನ್ನು ಬರೆಯುತ್ತಾರೆ. ಹಸಿವಿರಲಿಲ್ಲ, ಮನೆಯಲ್ಲಿ ಇನ್ನೂ ಒಳ್ಳೆಯ ಹಣ್ಣಿತ್ತು, ಕದ್ದ ಹಣ್ಣನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಯಾಕೆ ಕದ್ದದ್ದು ಎಂದು ಅವರು ಬಹಳ ಹೊತ್ತು ತಮ್ಮನ್ನೇ ಕೆದಕಿ ಕೇಳಿಕೊಳ್ಳುತ್ತಾರೆ. ನಿಷೇಧವೇ ರುಚಿಯಾಗಿತ್ತು ಎನ್ನುತ್ತಾರೆ. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದೂ ಒಪ್ಪುತ್ತಾರೆ. ಎಲ್ಲರೂ ಹೋಗುವಾಗ ತಾನೊಬ್ಬ ಹಿಂದುಳಿಯುವುದಕ್ಕೆ ನಾಚಿಕೆ! ನಮ್ಮ ಯುವಜನರಲ್ಲಿ ಮೊದಲ ಗ್ಲಾಸು ಕುಡಿದವರನ್ನು ಕೇಳಿದರೆ ಬಹುಶಃ ಇದೇ ಉತ್ತರ ಸಿಗುತ್ತದೆ. ರುಚಿಗೆ ಕುಡಿದವರು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಠಗ್ಗರೆಂದರೆ ದೇಶದಾದ್ಯಂತ ಹಬ್ಬಿದ ಒಂದು ರಕ್ತಪಿಪಾಸು ಮತಪಂಥ ಎಂದು ಆ ಕಾಲದ ಇಂಗ್ಲಿಷರು ಬರೆದದ್ದನ್ನು ಇಂದಿನ ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಅವರಲ್ಲಿ ಬಹಳ ಮಂದಿ ಕೆಲಸ ಕಳೆದುಕೊಂಡ ಸಿಪಾಯಿಗಳು, ಬರಗಾಲದಲ್ಲಿ ಬೇಸಾಯ ಬಿಟ್ಟವರು, ಜಮೀನುದಾರರಿಗೆ ಪಾಲು ಕೊಟ್ಟು ಬದುಕಿದ ದರೋಡೆಕೋರರು. ದೇವಿಯ ಪೂಜೆ ಆ ಕಾಲದ ಯಾವ ಕಸುಬಿನವರೂ ಮಾಡುತ್ತಿದ್ದದ್ದೇ. ಅವರಲ್ಲಿ ಹಿಂದೂಗಳೂ ಇದ್ದರು, ಅಮೀರ್ ಅಲಿಯಂಥ ಮುಸಲ್ಮಾನರೂ ಇದ್ದರು. ಆದ್ದರಿಂದ ಒಂದು ಧರ್ಮದ ಕಡೆಗೆ ಬೆರಳು ತೋರಿಸುವುದು ಅನ್ಯಾಯ. ಶಿಲುಬೆಯ ಹೆಸರಿನಲ್ಲಿ ರಕ್ತ ಸುರಿಸಿದವರೂ ಇದ್ದಾರೆ. ಸಭೆಯ ಮಕ್ಕಳ ಅಂಥ ಪಾಪಗಳಿಗಾಗಿ 2000ದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪೌಲರು ರೋಮಿನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಪಾಪಕ್ಕೆ ಪ್ರಸಾದದ ರುಚಿ ಬೆರೆಸುವ ಚಾಳಿ ಎಲ್ಲ ಧರ್ಮದವರಲ್ಲೂ ಇದೆ.

ಟೇಲರ್ ಅವರನ್ನು ಬೆಚ್ಚಿಬೀಳಿಸಿದ್ದು ಮಾಫಿ ಸಾಕ್ಷಿಗಳ ಕ್ರೌರ್ಯಕ್ಕಿಂತ ಹೆಚ್ಚಾಗಿ ಅವರ ನಿಶ್ಚಿಂತೆ. ಎಲ್ಲವನ್ನೂ ಹೇಳುತ್ತಾರೆ, ಯಾವುದನ್ನೂ ಮುಚ್ಚಿಡುವುದಿಲ್ಲ, ಸಂಗಡಿಗರ ಹೆಸರನ್ನೂ ಊರನ್ನೂ ಕೊಡುತ್ತಾರೆ, ಅವರು ನೇಣಿಗೆ ಹೋಗುವುದನ್ನು ನೋಡುತ್ತಾರೆ. ದುಃಖವಿದ್ದರೆ ಒಂದಕ್ಕೆ ಮಾತ್ರ: ಕಸುಬಿನ ಕಟ್ಟಳೆ ಮುರಿದು ಹೆಂಗಸರನ್ನು ಕೊಂದದ್ದರಿಂದ ದೇವಿ ಕೈಬಿಟ್ಟಳು, ಅದಕ್ಕೇ ಸಿಕ್ಕಿಬಿದ್ದೆವು ಎಂದು. ಪಾಪನಿವೇದನೆಗೆ ಮೊದಲು ಆತ್ಮಪರಿಶೀಲನೆ, ಪಶ್ಚಾತ್ತಾಪ, ದೃಢನಿರ್ಧಾರ ಬೇಕೆಂದು ನಾವು ಪರಮಪ್ರಸಾದದ ತರಗತಿಯಲ್ಲೇ ಬಾಯಿಪಾಠ ಮಾಡಿದ್ದೇವೆ. ಅವುಗಳಲ್ಲಿ ಮೊದಲನೆಯದು ಠಗ್ಗನಲ್ಲಿ ಪರಿಪೂರ್ಣವಾಗಿತ್ತು. 719ರಲ್ಲಿ ಒಂದನ್ನೂ ಮರೆತಿರಲಿಲ್ಲ!

ಈಗ ಸುರಪುರಕ್ಕೆ ಬರೋಣ. 1841ರಲ್ಲಿ ನಿಜಾಮ ಸರ್ಕಾರಕ್ಕೆ ಕಪ್ಪ ಕೊಡುತ್ತಿದ್ದ ಸುರಪುರದ ಬೇಡ ನಾಯಕ ಸಂಸ್ಥಾನದಲ್ಲಿ ಗೊಂದಲ ಎದ್ದಿತ್ತು. ರಾಜ ಕೃಷ್ಣಪ್ಪ ನಾಯಕರ ನಂತರ ಪುಟ್ಟ ಮಗ ವೆಂಕಟಪ್ಪ ನಾಯಕನ ಹೆಸರಿನಲ್ಲಿ ಆಡಳಿತ ಯಾರದು ಎಂಬ ವಿಷಯದಲ್ಲಿ ರಾಣಿ ಈಶ್ವರಮ್ಮನಿಗೂ ಬಾಲಕನ ಚಿಕ್ಕಪ್ಪ ಪಿಡ್ಡನಾಯಕನಿಗೂ ಜಗಳ. ಗುಂಡು ಹಾರಿಸದೆ ಅದನ್ನು ಬಗೆಹರಿಸಲು ಟೇಲರ್ ಅವರನ್ನು ಕಳುಹಿಸಲಾಯಿತು. ಬಂದವರು 1853ರವರೆಗೆ ಅಲ್ಲಿಯೇ ಉಳಿದರು. ಶೂರರೆಂದು ಹೆಸರಾದ ಬೇಡರು ಅವರ ಮಾತಿಗೆ ಬೆಲೆ ಕೊಟ್ಟರು. ಖಜಾನೆ ತುಂಬಿತು, ರಸ್ತೆಗಳಾದವು, ಈಗ ಪಕ್ಷಿಧಾಮವೆಂದು ಹೆಸರಾಗಿರುವ ಬೋನಾಳ ಕೆರೆ ಅಭಿವೃದ್ಧಿಯಾಯಿತು. 1844ರಲ್ಲಿ ಬೆಟ್ಟದ ಮೇಲೆ ಬಂಗಲೆ ಎದ್ದಿತು.

ಬಿಡುವಿದ್ದಾಗ ಅವರು ಶಹಾಪುರದ ಬಳಿಯ ವಿಭೂತಿಹಳ್ಳಿ, ಸುರಪುರ ಕಡೆಯ ರಾಜನಕೋಳೂರು, ಹಗರಟಗಿ ಮೊದಲಾದ ಕಡೆಗಳಲ್ಲಿ ಸಾವಿರಾರು ವರ್ಷ ಹಳೆಯ ಶಿಲಾಸಮಾಧಿಗಳನ್ನೂ ಸಾಲುಗಲ್ಲುಗಳನ್ನೂ ಅಳೆದು ಚಿತ್ರ ಬರೆದರು. ಬ್ರಿಟನ್ ಮತ್ತು ಐರ್ಲೆಂಡಿನ ಹೊಲಗಳಲ್ಲಿರುವಂಥದೇ ಕಲ್ಲುಗಳು ಇಲ್ಲಿಯೂ ಇವೆ ಎಂದು ವಿದ್ವಾಂಸರಿಗೆ ತೋರಿಸಿಕೊಟ್ಟವರು ಅವರೇ. ಸತ್ತವರನ್ನು ಹಾಗೆಯೇ ಬಿಡದೆ, ಇಷ್ಟು ದೊಡ್ಡ ಚಪ್ಪಡಿ ಎಳೆದು ತಂದು ಮನೆ ಕಟ್ಟಿಕೊಟ್ಟ ಆ ಜನ ಯಾವ ದೇವರನ್ನು ನಂಬಿದ್ದರೋ! ಸಾವಿನ ಆಚೆಗೂ ಏನೋ ಇದೆ ಎಂಬ ನಂಬಿಕೆ ಯಾದಗಿರಿ ನೆಲದಲ್ಲಿ ಯಾವ ಮಿಷನರಿಗಿಂತಲೂ ಹಳೆಯದು. ಅಲ್ಲಿಂದ ಬಹಳ ದೂರವಲ್ಲದ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದಿಂದ ಬಂದ ಕನ್ನಡ ಕಥೋಲಿಕ ಸಮುದಾಯವೊಂದಿದೆ. ಟೇಲರ್ ಅದನ್ನು ಬಲ್ಲರು. ತಮ್ಮ ಕೊನೆಯ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತರನ್ನೂ ತಂದಿದ್ದಾರೆ.

ಹೆತ್ತ ತಂದೆಯಿಲ್ಲದ ಬಾಲರಾಜ ಟೇಲರ್ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಅವನಿಗೆ ಓದು ಕಲಿಸಿದವರು, ಕುದುರೆ ಹತ್ತಿಸಿದವರು ಅವರೇ. ಈ ಕಾಲದಲ್ಲೇ ಟೇಲರ್ ಅವರಿಗೆ ಅರಮನೆಯ ಒಂದು ಗುಟ್ಟು ತಿಳಿಯಿತು. ರಾಣಿ ಕಾಯಿಲೆ ಬಿದ್ದಿದ್ದಾಗ ರಾಜನ ಜಾತಕವನ್ನು ಅವರಿಗೆ ತೋರಿಸಲಾಯಿತು. ಹುಟ್ಟಿದಾಗ ಶಾಸ್ತ್ರಿಗಳು ಬರೆದದ್ದು. ಹುಡುಗ ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆ ಎಂದು ಅದರಲ್ಲಿತ್ತು. ಬಹಳ ಕೆಲವರಿಗೆ ಮಾತ್ರ ತಿಳಿದ ಈ ಮಾತನ್ನು ಯಾರಿಗೂ ಹೇಳಬಾರದೆಂದಾಯಿತು. ಟೇಲರ್ ನಂಬಲಿಲ್ಲ, ನಕ್ಕುಬಿಡಲೂ ಆಗಲಿಲ್ಲ.

ಇಂಥ ಜಾತಕವಿರುವ ಮನೆಯಲ್ಲಿ ಮಗು ಹೇಗೆ ಬೆಳೆಯುತ್ತದೆ? ತಾಯಿ ಮಗನನ್ನು ನೋಡಿದಾಗಲೆಲ್ಲ ಆ ಅಂಕಿ ಅವಳ ಕಣ್ಣಿನಲ್ಲಿ ಇರುತ್ತದೆ. ದಾಸಿಯರು, ಪುರೋಹಿತರು, ಅಡಿಗೆಯವರು ತುಂಬಿದ ಅರಮನೆಯಲ್ಲಿ ಗುಟ್ಟು ಎಷ್ಟು ವರ್ಷ ಗುಟ್ಟಾಗಿ ಉಳಿದೀತು? ಹುಡುಗನ ಕಿವಿಗೂ ಬಿದ್ದಿರಬಹುದೆಂದು ನನ್ನ ಊಹೆ. ಹೇಗೂ ಇಪ್ಪತ್ತನಾಲ್ಕಕ್ಕೆ ಮುಗಿಯುವ ಬದುಕು ಎಂದ ಮೇಲೆ ಯಾವ ಸಾಲ, ಯಾವ ದುಂದು, ಯಾವ ಎಚ್ಚರ?

1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರ್ ನಲ್ದುರ್ಗ ಜಿಲ್ಲೆಗೆ ಹೋದರು. ಕೆಲವೇ ವರ್ಷಗಳಲ್ಲಿ ಸುರಪುರ ಮತ್ತೆ ಸಾಲಕ್ಕೆ ಬಿತ್ತು. 1857ರ ಬೆಂಕಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿತು. ಟೇಲರ್ ಅವರನ್ನು ಸೈನ್ಯದ ಬೆಂಬಲವಿಲ್ಲದೆ ಬೇರಾರಿಗೆ ಕಳುಹಿಸಲಾಯಿತು. ಅಲ್ಲಿ ಅವರು ಶಾಂತಿ ಕಾಪಾಡಿದರು. ಇತ್ತ ಬ್ರಿಟಿಷರ ಸಂಶಯದ ಕಣ್ಣು ಸುರಪುರದ ಮೇಲೆ ಬಿತ್ತು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ಕಂಪನಿಯ ಸೈನ್ಯದ ಮೇಲೆ ಆಕ್ರಮಣ ಮಾಡಿದರು. ಸೋತು ಹೈದರಾಬಾದಿಗೆ ಹೋದಾಗ ಸೆರೆಯಾದರು. ಇಂದು ಕರ್ನಾಟಕ ಅವರನ್ನು ಸ್ವಾತಂತ್ರ್ಯ ಸಮರದ ವೀರರೆಂದು ಗೌರವಿಸುತ್ತದೆ. ಅದು ನ್ಯಾಯ. ಆಗಿನ ಸರ್ಕಾರದ ಕಡತದಲ್ಲಿ ಮಾತ್ರ ಅವರು ದ್ರೋಹಿ. ಯಾವುದು ಪಾಪ ಎಂದು ತೀರ್ಪು ಕೊಡುವ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನೂ ನಾವು ನೋಡಬೇಕಾಗುತ್ತದೆ. ಅಲ್ಲಿ ಕುಳಿತವರು ಪರದೇಶವನ್ನು ತಮ್ಮದಾಗಿಸಿಕೊಂಡವರು. ಟೇಲರ್ ಒಳ್ಳೆಯವರಾಗಿದ್ದರೂ ಅವರ ಬಳಗದವರೇ.

ಬೇರಾರಿನಿಂದ ಬರುವ ದಾರಿಯಲ್ಲಿ ಟೇಲರ್ ಸೆರೆಮನೆಗೆ ಹೋಗಿ ರಾಜನನ್ನು ಕಂಡರು. ಯುವಕ ಅವರ ತೋಳಿಗೆ ಬಿದ್ದು ಅತ್ತ. ದುಡುಕಿದೆ ಎಂದ, ಅಪ್ಪನ ಮಾತಿನಂತೆ ನಡೆಯಲಿಲ್ಲ ಎಂದ. ನಾಯಿಯಂತೆ ನೇಣಿಗೆ ಹಾಕಬೇಡಿ, ಬೇಕಾದರೆ ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿ, ಹೆದರುವುದಿಲ್ಲ ಎಂದು ಬೇಡಿದ. ದಂಗೆಗೆ ಎಳೆದವರು ಯಾರೆಂದು ಹೇಳಿದರೆ ಶಿಕ್ಷೆ ಹಗುರವಾಗಬಹುದಿತ್ತು. ಅದನ್ನು ಮಾತ್ರ ಅವನು ಹೇಳಲಿಲ್ಲ. ಪ್ರಾಣಕ್ಕಾಗಿ ಇನ್ನೊಬ್ಬರನ್ನು ಹಿಡಿದುಕೊಡುವುದು ಅವನಿಂದ ಆಗದ ಕೆಲಸವಾಗಿತ್ತು.

ಇಪ್ಪತ್ತು ವರ್ಷಗಳ ಹಿಂದೆ ಎಲ್ಲರ ಹೆಸರನ್ನೂ ಹೇಳಿ ಬದುಕಿಕೊಂಡವರನ್ನು ಕೇಳಿದ ಅದೇ ಕಿವಿಗಳು ಈಗ ಇದನ್ನು ಕೇಳಿದವು. ಮೊದಲಿನವರ ಮಾತಿಗೆ ಸರ್ಕಾರಿ ಕಾಗದದಲ್ಲಿ ತಪ್ಪೊಪ್ಪಿಗೆ ಎಂಬ ಹೆಸರಿತ್ತು. ಈ ಹುಡುಗ ಅರ್ಧ ಮಾತ್ರ ಒಪ್ಪಿಕೊಂಡ, ಅರ್ಧ ಮುಚ್ಚಿಟ್ಟ. ಆದರೆ ಇವನ ಕಣ್ಣೀರಿನಲ್ಲಿ ಇನ್ನೊಬ್ಬ ವ್ಯಕ್ತಿ ಇದ್ದ: ತಾನು ನೋಯಿಸಿದ ಒಬ್ಬ ತಂದೆ. ಪಾಪವೆಂದರೆ ಮುರಿದ ಕಟ್ಟಳೆ ಎಂದಷ್ಟೇ ತಿಳಿದವನಿಗೆ ಲೆಕ್ಕ ಕೊಟ್ಟರೆ ಸಾಕು. ಮುರಿದ ಸಂಬಂಧ ಎಂದು ತಿಳಿದವನಿಗೆ ಅಳದೆ ವಿಧಿಯಿಲ್ಲ. ದುಂದುಗಾರ ಮಗನ ಸಾಮತಿಯಲ್ಲಿ ಮಗ ಹಾಳುಮಾಡಿದ ಹಣದ ಲೆಕ್ಕ ಕೊಡುವುದೇ ಇಲ್ಲ, ತಂದೆ ಕೇಳುವುದೂ ಇಲ್ಲ.

ರಾಜನಿಗೆ ಮರಣದಂಡನೆಯಾಯಿತು. ರೆಸಿಡೆಂಟರು ಅದನ್ನು ಆಜೀವ ಗಡೀಪಾರಿಗೆ ಇಳಿಸಿದರು. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದರು. ನಡತೆ ಚೆನ್ನಾಗಿದ್ದರೆ ರಾಜ್ಯ ಮರಳಿ ಸಿಗುವ ಆಸೆಯೂ ಇತ್ತು. ಸುರಪುರಕ್ಕೆ ಮರಳಿದ್ದ ಟೇಲರ್ ಸಂತೋಷದಿಂದ ಆ ಜಾತಕದ ವಿಷಯ ಎತ್ತಿದರು. ಶಾಸ್ತ್ರ ಸುಳ್ಳಾಯಿತೆಂಬುದು ಅವರ ಲೆಕ್ಕ. ವೃದ್ಧ ಶಾಸ್ತ್ರಿ ಒಪ್ಪಲಿಲ್ಲ. ಹೆಚ್ಚು ದಿನ ಕಳೆಯುವ ಮೊದಲೇ ಸುದ್ದಿ ಬಂತು. ಹೈದರಾಬಾದಿನಿಂದ ಹೊರಟ ಮೊದಲ ತಂಗುದಾಣದಲ್ಲೇ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜ ಸತ್ತಿದ್ದ. ಕೈತಪ್ಪಿ ಹಾರಿತೋ, ತಾನೇ ಹಾರಿಸಿಕೊಂಡನೋ ಎಂದು ಟೇಲರ್ ಬರೆದರೆ, ಕೊಲ್ಲಲಾಯಿತು ಎಂದು ನಂಬುವವರು ಇಂದಿಗೂ ಇದ್ದಾರೆ. ಇಪ್ಪತ್ತನಾಲ್ಕನೆಯ ವರ್ಷ ನಡೆಯುತ್ತಿತ್ತು.

ಇದನ್ನು ಓದಿದವರು ಕೇಳುವ ಪ್ರಶ್ನೆ ಒಂದೇ: ಹೇಳಿದ್ದು ನಿಜವಾಯಿತಲ್ಲ, ಹಾಗಾದರೆ ನಂಬಬೇಡವೇ? ನಮ್ಮಲ್ಲೂ ಭಾನುವಾರ ಪೂಜೆಗೆ ಹೊರಡುವ ಮುನ್ನ ಪತ್ರಿಕೆಯ ವಾರಭವಿಷ್ಯ ನೋಡುವವರಿದ್ದಾರೆ, ಮುಚ್ಚಿಟ್ಟು ಏನು ಪ್ರಯೋಜನ. ಪವಿತ್ರ ಸಭೆಯ ಧರ್ಮೋಪದೇಶ ಗ್ರಂಥದ 2116ನೆಯ ಕಂಡಿಕೆ ಜಾತಕ, ಹಸ್ತರೇಖೆಗಳನ್ನು ತಳ್ಳಿಹಾಕುತ್ತದೆ. ಅವು ಎಂದೂ ನಿಜವಾಗುವುದಿಲ್ಲ ಎಂಬ ಕಾರಣವನ್ನು ಅದು ಕೊಡುವುದಿಲ್ಲ. ನಾಳೆಯನ್ನು ಕೈವಶ ಮಾಡಿಕೊಳ್ಳುವ ಬಯಕೆ ಅದರಲ್ಲಿದೆ, ದೇವರಿಗೆ ಮಾತ್ರ ಸಲ್ಲುವ ಭಯಭಕ್ತಿ ಬೇರೆ ಕಡೆ ಹೋಗುತ್ತದೆ ಎಂಬುದು ಸಭೆಯ ಆಕ್ಷೇಪ. ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವಂತೂ ಮುಂದಿಟ್ಟ ಗುರುತು ನಿಜವಾಗಿಬಿಟ್ಟರೂ ಅದರ ಹಿಂದೆ ಹೋಗಬೇಡಿ ಎಂದು ಇಸ್ರಯೇಲರನ್ನು ಎಚ್ಚರಿಸುತ್ತದೆ.

ಯೋನನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಲವತ್ತು ದಿನದಲ್ಲಿ ನಿನೆವೆ ನಾಶವಾಗುತ್ತದೆ ಎಂದು ಅವನು ಸಾರಿದ. ಅದೂ ಒಂದು ಜಾತಕದ ಹಾಗೆಯೇ, ದಿನ ಗೊತ್ತಾದ ಮರಣ. ಊರಿನ ಜನ ಪಶ್ಚಾತ್ತಾಪಪಟ್ಟರು. ನಲವತ್ತೊಂದನೆಯ ದಿನವೂ ಊರು ನಿಂತಿತ್ತು. ಪ್ರವಾದಿಯ ಮಾತು ಸುಳ್ಳಾಯಿತು, ಅವನಿಗೆ ಸಿಟ್ಟೂ ಬಂತು. ದೇವರಿಗೆ ಬೇಕಾಗಿದ್ದದ್ದು ಅವನ ಮಾತು ಉಳಿಯುವುದಲ್ಲ, ಊರು ಉಳಿಯುವುದು. ಸುರಪುರದ ಶಾಸ್ತ್ರಿಯ ಮಾತು ಉಳಿಯಿತು. ಹುಡುಗ ಉಳಿಯಲಿಲ್ಲ. ನಾಳೆ ಏನಾಗುತ್ತದೆ ಎಂಬ ಮಾಹಿತಿಗಾಗಿ ನಾನು ವಿಶ್ವಾಸಿಯಾಗಿಲ್ಲ. ಬರೆದದ್ದನ್ನು ಅಳಿಸಬಲ್ಲ ಒಬ್ಬ ತಂದೆ ಇದ್ದಾನೆ ಎಂದು ಭರವಸೆಯಿಡುವುದಕ್ಕೆ ನನಗೆ ನಿನೆವೆ ಒಂದು ಕಾರಣ. ಪಾಪನಿವೇದನೆಯ ಪೀಠದ ಬಳಿ ಬದಲಾದ ಜೀವಗಳನ್ನು ಕಂಡದ್ದು ಇನ್ನೊಂದು.

ಟೇಲರ್ ಅವರ ಉಳಿದ ಕಥೆ ಬೇಗ ಮುಗಿಯುತ್ತದೆ. ತಾವೇ ಬೆಳೆಸಿದ ರಾಜನಿಲ್ಲದ ಸುರಪುರವನ್ನು ಕಮಿಷನರಾಗಿ ಆಳಿದರು. 1860ರಲ್ಲಿ ಸಂಸ್ಥಾನ ನಿಜಾಮರ ರಾಜ್ಯಕ್ಕೆ ಸೇರಿತು. ಅದೇ ವರ್ಷ ಆರೋಗ್ಯ ಕೆಟ್ಟು ಅವರು ಭಾರತ ಬಿಟ್ಟರು. ಪತ್ನಿ ಮೇರಿ ಪಾಮರ್ ಬಹಳ ಹಿಂದೆಯೇ ತೀರಿಹೋಗಿದ್ದರು. ಐರ್ಲೆಂಡಿನ ಡಬ್ಲಿನ್ ಬಳಿ ಹೆಣ್ಣುಮಕ್ಕಳೊಂದಿಗೆ ನೆಲೆಸಿ ಭಾರತದ ಬಗ್ಗೆ ಕಾದಂಬರಿಗಳನ್ನೂ ಒಂದು ಇತಿಹಾಸ ಗ್ರಂಥವನ್ನೂ ಬರೆದರು. ಕೊನೆಕೊನೆಗೆ ಕಣ್ಣು ಮಂಜಾಯಿತು. 1875ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗರ ಆಹ್ವಾನದ ಮೇಲೆ ಮತ್ತೆ ಇಲ್ಲಿಗೆ ಬಂದರು. ಹಳೆಯ ಪರಿಚಯದವರ ದನಿ ಕೇಳಿದರು, ಮುಖ ಕಾಣಲಿಲ್ಲ. ಜ್ವರ ಹಿಡಿದು ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನ್ ಪಟ್ಟಣದಲ್ಲಿ ತೀರಿಕೊಂಡರು. ಮಗಳು ಆಲಿಸ್ ಪ್ರಕಟಿಸಿದ ಅವರ ಆತ್ಮಕಥೆ ಮರುವರ್ಷ ಹೊರಬಂತು. ಅಮೀರ್ ಅಲಿಯ ಪುಸ್ತಕದಷ್ಟು ಅದು ಹೆಸರು ಮಾಡಲಿಲ್ಲ. ವೆಂಕಟಪ್ಪ ನಾಯಕ ಅತ್ತ ಆ ಸೆರೆಮನೆಯ ಭೇಟಿ ಇರುವುದು ಅದರಲ್ಲಿ.